ಕಣ್ಣಿಗೆ ಕಂಡ ಗಣಿತವು

ಮೂವತ್ತು ವರ್ಷಗಳ ಪರಿಯಂತರ ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ, ಅಂಗಡಿಯ ಲೆಕ್ಕದಿಂದಾಚೆಗೆ ಗಣಿತದ ಪರಿಚಯವಿಲ್ಲ. ಹೀಗಿರಲು, ಬಿ.ಎಸ್‌ಸಿ. ವ್ಯಾಸಂಗದಲ್ಲಿರುವ ನಮ್ಮ ಕಿರಿಯ ಮಗಳು ಒಂದು ಸಾಯಂಕಾಲ ಪುಸ್ತಕವನ್ನು ಮುಚ್ಚಿಟ್ಟು, “ಅಪ್ಪಾ, ಇದು ನನ್ನ ತಲೆಗೆ ಹತ್ತುವುದಿಲ್ಲ. ಗಣಿತವನ್ನು ಬಿಟ್ಟುಬಿಡುತ್ತೇನೆ” ಎಂದಳು. ನಮ್ಮ ಎದೆ ಧಸಕ್ಕೆಂದಿತು.

ಅವಳನ್ನು ಕಾಡಿದುದು ಅನೇಕ ಚರಗಳುಳ್ಳ ಕಲನಶಾಸ್ತ್ರವು. ಚರವು ಒಂದೇ ಆದರೆ ಕಾಗದದ ಮೇಲೆ ಗೆರೆಯೆಳೆದು ನೋಡಬಹುದು. ಎರಡಾದರೆ ಆ ಗೆರೆಯು ಮೇಲ್ಮೈಯಾಗಿ ಎದ್ದು ನಿಲ್ಲುವುದು. ಎಕ್ಸಿನ ವರ್ಗದಿಂದ ವೈಯ ವರ್ಗವನ್ನು ಕಳೆದರೆ ಬರುವ ಮೇಲ್ಮೈಯು ಕುದುರೆಯ ಜೀನಿನಂತಿರುವುದೆಂದು ಪುಸ್ತಕದಲ್ಲಿ ಬರೆದಿತ್ತು. ಚಿತ್ರದಲ್ಲಿ ಮಾತ್ರ ಜೀನು ಕಾಣಲೊಲ್ಲದು. ನಾವು ಜೀನಿಗೆ ಸಂಸ್ಕೃತದಲ್ಲಿರುವ ‘ಪರ್ಯಾಣ’ ಶಬ್ದದ ವ್ಯುತ್ಪತ್ತಿಯನ್ನು ಹೇಳಹೊರಟೆವು. ಅವಳು ನಗಲೂ ಇಲ್ಲ.

ಮೂರು ಆಯಾಮದ ಚಿತ್ರ ಬರೆಯುವ ತಂತ್ರಾಂಶಕ್ಕಾಗಿ ಇಬ್ಬರೂ ಹುಡುಕಿದೆವು. ಒಂದು ಹಣ ಬೇಡಿತು. ಮತ್ತೊಂದು ನಮ್ಮ ಹಳೆಯ ಗಣಕಯಂತ್ರದಲ್ಲಿ ಏಳಲೇ ಇಲ್ಲ. ಕಡೆಗೆ ಜಿಯೋಜೀಬ್ರಾ ದೊರಕಿತು. ಆಸ್ಟ್ರಿಯಾ ದೇಶದ ಸಾಲ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್ವಾರ್ಟರ್ ಎಂಬವರು 2001ರಲ್ಲಿ ಇದನ್ನು ಆರಂಭಿಸಿದರು. ಮೂರು ಆಯಾಮದ ಚಿತ್ರವು 2014ರ ಐದನೆಯ ಆವೃತ್ತಿಯಲ್ಲಿ ಸೇರಿತು. ವಿದ್ಯಾರ್ಥಿಗಳಿಗೆ ಉಚಿತ, ಕೈಫೋನಿನಲ್ಲಿಯೂ ನಡೆಯುವುದು.

ಮಗಳು ಸಮೀಕರಣವನ್ನು ಬರೆದಳು. ಜೀನು ಎದ್ದು ನಿಂತಿತು! ಬೆರಳಿನಿಂದ ತಿರುಗಿಸಿದಳು. ನಡುವಿನ ಬಿಂದುವಿನಲ್ಲಿ ಎರಡು ದಿಕ್ಕಿನ ಇಳಿಜಾರೂ ಶೂನ್ಯ. ಆದರೂ ಅದು ಶಿಖರವಲ್ಲ, ತಗ್ಗೂ ಅಲ್ಲ. ಒಂದು ಕಡೆಗೆ ನಡೆದರೆ ಏರು, ಅಡ್ಡಲಾಗಿ ನಡೆದರೆ ಇಳಿವು. ನಮಗೂ ತಿಳಿಯಿತು.

ಆದರೆ ಚಿತ್ರವನ್ನೇ ನಂಬಿ ಕೂರುವಂತಿಲ್ಲ. ಎಕ್ಸ್ ವೈಗಳ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿದ ಮೇಲ್ಮೈಯು ನಡುವಿನಲ್ಲಿ ಮುದುಡಿದಂತೆ ಕಂಡಿತು. ಅಲ್ಲಿ ಏನಾಗುವುದೆಂಬುದು ಕಣ್ಣಿಗೆ ನಿಲುಕಲಿಲ್ಲ. ಮಗಳು ಪೆನ್ಸಿಲು ಹಿಡಿದು ಲೆಕ್ಕಿಸಿದಳು: ಎಕ್ಸಿನ ಅಕ್ಷದ ಮೇಲೆ ಬಂದರೆ ಸೊನ್ನೆ, ಎಕ್ಸೂ ವೈಯೂ ಸಮನಾದ ದಾರಿಯಲ್ಲಿ ಬಂದರೆ ಅರ್ಧ. ಆದುದರಿಂದ ಅಲ್ಲಿ ಪರಿಮಿತಿಯೇ ಇಲ್ಲ. “ಅಪ್ಪಾ, ಇದು ಚಿತ್ರ ಹೇಳಿದ್ದಲ್ಲ, ನಾನೇ ಕಂಡದ್ದು” ಎಂದಳು. ಗಣಿತವನ್ನು ಬಿಡುವ ಮಾತು ಮತ್ತೆ ಬರಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬಾರದಾಯಿತು. ಪಾಠಶಾಲೆಯಲ್ಲಿ ಎಷ್ಟು ಮಕ್ಕಳನ್ನು ಮಂದಮತಿಗಳೆಂದು ಗದರಿಸಿ ಕುಳ್ಳಿರಿಸಿದೆವೋ! ತಲೆಗೆ ಹತ್ತಲಿಲ್ಲವೆಂದು ಮಗುವು ಹೇಳಿದರೆ, ಕಣ್ಣಿಗೆ ಕಾಣಿಸಿದೆವೇ ಎಂದು ಹಿರಿಯರು ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.