ಕಾರವಾರದ ಕಡಲು, ನಾಗಪುರದ ಕಲ್ಲು

ನಾಗಪುರದಿಂದ

ಪ್ರೀತಿಯ ಅಕ್ಕ,

ಈ ಊರಿಗೆ ಬಂದವರೆಲ್ಲ ನೋಡುವ ಝೀರೋ ಮೈಲ್ ಕಂಬದ ವಿಷಯ ನೀನೂ ಕೇಳಿರುತ್ತೀ. ಮರಳುಗಲ್ಲಿನ ಎತ್ತರದ ಕಂಬ, ಪಕ್ಕದಲ್ಲಿ ನಾಲ್ಕು ಕುದುರೆಗಳ ಪ್ರತಿಮೆ, ಹೈದರಾಬಾದಿಗೆ 318 ಮೈಲಿ, ಜಬಲ್‌ಪುರಕ್ಕೆ 170 ಮೈಲಿ ಎಂದು ಕೆತ್ತಿದ ಅಂಕಿಗಳು. ಭಾರತದ ನಟ್ಟನಡುವಿನ ಬಿಂದು ಇದೇ ಎಂಬ ನಂಬಿಕೆಯಿಂದ ಜನ ಇಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ನಂಬಿಕೆಗೆ ಅಳತೆಯ ಆಧಾರ ಸಾಲದು. ಕರಾಚಿ, ಢಾಕಾಗಳನ್ನು ಒಳಗೊಂಡಿದ್ದ 1947ಕ್ಕೆ ಮುಂಚಿನ ಭಾರತದ ನಡು ಬೇರೆ, ಇಂದಿನ ಭಾರತದ ನಡು ಬೇರೆ; ಒಂದೇ ಕಂಬ ಎರಡಕ್ಕೂ ನಡುವಾಗಲಾರದು. ಈ ಪತ್ರ ಬರೆಯುತ್ತಿರುವುದು ಅದೇ ಆವರಣದಲ್ಲಿ ಯಾರ ಕಣ್ಣಿಗೂ ಬೀಳದೆ ಇರುವ ಇನ್ನೊಂದು ಗುರುತಿನ ಬಗ್ಗೆ. ಅದು 1907ರ ಜಿ.ಟಿ.ಎಸ್., ಅಂದರೆ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ ಎಂಬ ಮಹಾ ತ್ರಿಕೋನ ಮೋಜಣಿಯ, ಸ್ಟ್ಯಾಂಡರ್ಡ್ ಬೆಂಚ್ ಮಾರ್ಕ್. ಸಮುದ್ರಮಟ್ಟದಿಂದ ಅದರ ಎತ್ತರ 1020.171 ಅಡಿ ಎಂದು ದಾಖಲಾಗಿದೆ, ನಮ್ಮ ಈಗಿನ ಲೆಕ್ಕದಲ್ಲಿ ಸುಮಾರು 310.95 ಮೀಟರ್. ಇಂಥ ಗುರುತುಗಳನ್ನು ಹುಡುಕಿಕೊಂಡು ಹೋಗುವ ಹವ್ಯಾಸವನ್ನು ಹಳೆಯ ಕಲ್ಲುಗಳ ಹುಚ್ಚು ಎಂದು ತಳ್ಳಿಹಾಕುವವರು ಬಹಳ ಜನ. ನನ್ನ ತೀರ್ಮಾನ ಬೇರೆ. ಬೆಂಚ್ ಮಾರ್ಕ್ ಅಂದರೆ ಒಂದು ಕಲ್ಲು ಮತ್ತು ಒಂದು ಅಂಕಿ, ಎರಡೂ ಸೇರಿದ ಜೋಡಿ. ಅಂಕಿ ಕಡತದಲ್ಲಿ ಉಳಿದು ಕಲ್ಲು ಹೋದರೆ ಅದು ಬರೀ ಬರಹ. ಕಲ್ಲು ಉಳಿದು ಅಂಕಿ ಮರೆತರೆ ಅದು ಬರೀ ಬಂಡೆ. ಹುಡುಕುವವರು ಆ ಜೋಡಿಯನ್ನು ಮತ್ತೆ ಕೂಡಿಸುತ್ತಾರೆ. ಆದ್ದರಿಂದ ಅವರದು ಅಳತೆಯ ಕೆಲಸದ್ದೇ ಮುಂದುವರಿಕೆ.

ಇದನ್ನು ನಿನಗೇ ಬರೆಯಲು ಕಾರಣವಿದೆ. ‘ಸಮುದ್ರಮಟ್ಟದಿಂದ’ ಅಂದಾಗ ಯಾವ ಸಮುದ್ರ, ಯಾವ ದಂಡೆ ಎಂದು ಕೇಳಬೇಕಲ್ಲ? ಭಾರತದ ಮಟ್ಟದ ಅಳತೆಗಳನ್ನೆಲ್ಲ 1909ರಲ್ಲಿ ಒಂದೇ ಲೆಕ್ಕಕ್ಕೆ ತಂದಾಗ ಒಂಬತ್ತು ಬಂದರುಗಳ ಸರಾಸರಿ ಕಡಲ ಮಟ್ಟವನ್ನು ಸೊನ್ನೆಯೆಂದು ಹಿಡಿದರು: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಒಡಿಶಾ ತೀರದ ಫಾಲ್ಸ್ ಪಾಯಿಂಟ್. ಮೂರನೆಯದು ನಿನ್ನ ಊರು. ಕಡಲಿನ ನೀರು ಒಳಗೆ ಬರುವಂತೆ ಮಾಡಿದ ಬಾವಿಯಲ್ಲಿ ಒಂದು ತೇಲುಬುರುಡೆ, ಅದು ಏರಿಳಿದಂತೆ ಸುತ್ತುವ ಕಾಗದದ ಮೇಲೆ ಗೆರೆ ಎಳೆಯುವ ಸೀಸದ ಕಡ್ಡಿ. ಹಗಲು ರಾತ್ರಿ, ಮಳೆಗಾಲ ಬೇಸಿಗೆ ಎನ್ನದೆ ಎಳೆದ ಆ ಗೆರೆಗಳ ಸರಾಸರಿಯೇ ಸೊನ್ನೆ. ಅಲ್ಲಿಂದ ಒಳನಾಡಿಗೆ ಎತ್ತರವನ್ನು ಒಯ್ದ ಬಗೆಯೂ ಅಷ್ಟೇ ತಾಳ್ಮೆಯದು. ನಡುವೆ ಮಟ್ಟ ನೋಡುವ ದುರ್ಬೀನು, ಹಿಂದೊಂದು ಮುಂದೊಂದು ಅಳತೆಕೋಲು. ಹಿಂದಿನ ಕೋಲಿನ ಅಂಕಿ ಓದಿ, ಮುಂದಿನದನ್ನು ಓದಿ, ವ್ಯತ್ಯಾಸ ಬರೆದುಕೊಂಡು, ಹಿಂದಿನ ಕೋಲನ್ನು ಎತ್ತಿ ಮುಂದಕ್ಕೆ ಒಯ್ಯುವುದು. ಒಂದು ಸಲಕ್ಕೆ ಸಾಗುವುದು ಕೂಗಿದರೆ ಕೇಳುವಷ್ಟು ದೂರ. ಹೀಗೆ ನೂರಾರು ಮೈಲಿ ನಡೆದು, ತಪ್ಪು ಸಿಕ್ಕಿಬೀಳಲೆಂದು ಅದೇ ದಾರಿಯನ್ನು ಮತ್ತೊಮ್ಮೆ ಅಳೆಯುವುದು. 1858ರಲ್ಲಿ ಶುರುವಾದ ಈ ನಡಿಗೆ 1909ರ ಲೆಕ್ಕದವರೆಗೆ ಅರ್ಧ ಶತಮಾನ ನಡೆಯಿತು. 1020.171ರ ಕೊನೆಯ ಅಂಕಿ ಅಡಿಯ ಸಾವಿರದ ಒಂದು ಪಾಲು, ಅಂದರೆ ಮಿಲಿಮೀಟರಿನ ಮೂರನೇ ಒಂದಕ್ಕಿಂತಲೂ ಕಡಿಮೆ. ನೂರಾರು ಮೈಲಿ ಆಚೆಯ ಕಡಲಿಗೆ ಹೋಲಿಸಿದಾಗ ಆ ಅಂಕಿ ಅಷ್ಟು ನಿಖರ ಎಂದು ಯಾರೂ ಹೇಳಲಾರರು. ಆದರೆ ಪಕ್ಕದ ಗುರುತಿಗೆ ಹೋಲಿಸಿದಾಗ ಅದಕ್ಕೆ ಅರ್ಥವಿದೆ.

ಹುಡುಕುವವರಿಗೆ ಸಿಗುವ ಗುರುತುಗಳು ಎರಡು ಬಗೆಯವು. ಬೆಟ್ಟದ ನೆತ್ತಿಯಲ್ಲಿ, ಬಂಡೆಯ ಮೇಲೆ ವೃತ್ತ ಕೊರೆದು ನಡುವೆ ಚುಕ್ಕಿ ಇಟ್ಟದ್ದು ತ್ರಿಕೋನ ಮೋಜಣಿಯ ಬಿಂದು. ಅದು ಸ್ಥಳವನ್ನು ಹೇಳುತ್ತದೆ. ನಮ್ಮ ಕಡೆಯ ಎಷ್ಟೋ ಗುಡ್ಡಗಳ ಮೇಲೆ ‘ಸರ್ವೆ ಕಲ್ಲು’ ಎಂದು ದನ ಕಾಯುವವರು ತೋರಿಸುವುದು ಇದನ್ನೇ. ಇನ್ನೊಂದು ಬಗೆಯದು ಎತ್ತರವನ್ನು ಹೇಳುವ ಬೆಂಚ್ ಮಾರ್ಕ್. ಅದು ಬೆಟ್ಟ ಹತ್ತುವುದಿಲ್ಲ. ರಸ್ತೆ, ರೈಲುದಾರಿಗಳ ಜೊತೆ ಸಾಗುತ್ತದೆ. ಮೋರಿಯ ಅಂಚುಕಲ್ಲು, ಬಾವಿಯ ಕಟ್ಟೆ, ಕಟ್ಟಡದ ಮೆಟ್ಟಿಲು, ಹುಟ್ಟುಬಂಡೆ, ಹೀಗೆ ಅಲುಗದೆ ಇರುವ ಯಾವುದರ ಮೇಲಾದರೂ ಜಿ.ಟಿ.ಎಸ್., ಬಿ.ಎಂ. ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೊರೆದಿರುತ್ತಾರೆ. ದೊಡ್ಡ ಊರುಗಳಲ್ಲಿ ಮಾತ್ರ ನಾಗಪುರದಲ್ಲಿರುವಂಥ ಸ್ಟ್ಯಾಂಡರ್ಡ್ ಗುರುತು ಸಿಗುತ್ತದೆ. ಸರ್ವೆ ಇಲಾಖೆಯ ಹಳೆಯ ಮಟ್ಟದ ಪುಸ್ತಿಕೆಗಳಲ್ಲಿ ಒಂದೊಂದು ಗುರುತಿಗೂ ಎತ್ತರದ ಜೊತೆ ವಿಳಾಸವಿರುತ್ತದೆ: ಇಂಥ ಸೇತುವೆಯ ಇಂಥ ತುದಿ, ಇಂಥ ಮೈಲಿಗಲ್ಲಿನಿಂದ ಇಷ್ಟು ದೂರ. ಕಷ್ಟ ಇರುವುದು ಇಲ್ಲಿಯೇ. ಮೈಲಿಗಲ್ಲು ಹೋಗಿ ಕಿಲೋಮೀಟರ್ ಕಲ್ಲು ಬಂದಿದೆ, ಸೇತುವೆಯ ಪಕ್ಕ ಹೊಸ ಸೇತುವೆ ಎದ್ದಿದೆ, ಬಾವಿ ಮುಚ್ಚಿದೆ. ಹಳೆಯ ವಿಳಾಸವನ್ನು ಇಂದಿನ ನೆಲಕ್ಕೆ ಹೊಂದಿಸಿ ಓದುವುದೇ ಈ ಹವ್ಯಾಸದ ಜೀವ. ಹುಡುಕಿಯೂ ಸಿಗದಿದ್ದರೆ ಆ ಶ್ರಮ ದಂಡವಾಗುವುದಿಲ್ಲ. ‘ರಸ್ತೆ ಅಗಲವಾಗಿದೆ, ಮೋರಿ ಒಡೆದಿದ್ದಾರೆ, ಗುರುತು ಇಲ್ಲ’ ಎಂಬ ಒಂದು ಸಾಲೂ ದಾಖಲೆಯೇ. ಮುಂದೆ ಆ ಅಂಕಿಯನ್ನು ನಂಬಿ ಮೋಸಹೋಗುವವರನ್ನು ಅದು ಕಾಯುತ್ತದೆ. ಅಮೆರಿಕದಲ್ಲಿ ಹವ್ಯಾಸಿಗಳು ಕಳಿಸುವ ಇಂಥ ವರದಿಗಳನ್ನು ಅಲ್ಲಿನ ಮೋಜಣಿ ಇಲಾಖೆ ತನ್ನ ಕಡತಕ್ಕೇ ಸೇರಿಸಿಕೊಳ್ಳುತ್ತದೆ.

ಉಪಗ್ರಹಗಳಿರುವಾಗ ಕಲ್ಲುಗಳೇಕೆ ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಸರ್ವೆ ಆಫ್ ಇಂಡಿಯಾ ದೇಶದ ಉದ್ದಗಲಕ್ಕೂ ಸಾವಿರದಷ್ಟು ಉಪಗ್ರಹ ನಿಲ್ದಾಣಗಳನ್ನು ನಿಲ್ಲಿಸಿದೆ. ಹೊಲದ ಮೂಲೆಯಲ್ಲಿ ನಿಂತು ಕೆಲವೇ ಸೆಂಟಿಮೀಟರ್ ತಪ್ಪಿನೊಳಗೆ ಜಾಗ ಗುರುತಿಸಬಹುದು. ಇದನ್ನು ಒಪ್ಪಲೇಬೇಕು, ದಿನದ ಕೆಲಸಕ್ಕೆ ಹಳೆಯ ಕಲ್ಲು ಬೇಕಾಗುವ ಸಂದರ್ಭ ಕಡಿಮೆಯಾಗಿದೆ. ಆದರೂ ಉಪಗ್ರಹ ಕೊಡುವ ಎತ್ತರ ಗಣಿತದ ಒಂದು ನುಣುಪಾದ ಮೇಲ್ಮೈಯಿಂದ ಎಣಿಸಿದ್ದು. ಕಾಲುವೆಯ ನೀರಿಗೆ ಆ ಗಣಿತ ಗೊತ್ತಿಲ್ಲ. ಅದು ಹರಿಯುವುದು ಗುರುತ್ವ ಎಳೆದ ಕಡೆಗೆ. ಒಂದು ಲೆಕ್ಕವನ್ನು ಇನ್ನೊಂದಕ್ಕೆ ಹೊಂದಿಸಲು ಮಟ್ಟದ ಅಳತೆಯ ಗುರುತುಗಳು ಇಂದಿಗೂ ಬೇಕು. ಇದಕ್ಕಿಂತ ದೊಡ್ಡ ಉತ್ತರ ಇನ್ನೊಂದಿದೆ. ಉಪಗ್ರಹ ಇವತ್ತಿನ ನೆಲವನ್ನು ಎಷ್ಟು ಚೆನ್ನಾಗಿ ಬೇಕಾದರೂ ಅಳೆಯಲಿ, 1860ರ ನೆಲವನ್ನು ಅಳೆಯಲಾರದು. ನೆಲ ಸರಿದಿದೆಯೇ, ಕುಸಿದಿದೆಯೇ ಎಂದು ತಿಳಿಯಲು ಅದೇ ಬಿಂದುವಿನ ಎರಡು ಕಾಲದ ಅಳತೆ ಬೇಕು. ಹಳೆಯ ಅಳತೆ ಉಳಿದಿರುವುದು ಆ ಕಲ್ಲಿನಲ್ಲಿ, ಆ ಅಂಕಿಯಲ್ಲಿ. ಸಾನ್ ಫ್ರಾನ್ಸಿಸ್ಕೊ 1906ರಲ್ಲಿ ನಡುಗಿದ ಮೇಲೆ ಹಿಂದಿನ ಶತಮಾನದ ತ್ರಿಕೋನ ಬಿಂದುಗಳನ್ನು ಮತ್ತೆ ಅಳೆದರು. ನೆಲ ಸೀಳಿದ ಬಿರುಕಿನ ಎರಡೂ ಬದಿಯ ಬಿಂದುಗಳು ವಿರುದ್ಧ ದಿಕ್ಕಿಗೆ ಸರಿದಿದ್ದವು. ಬಂಡೆ ವರ್ಷಗಟ್ಟಲೆ ಬಿಲ್ಲಿನಂತೆ ಬಾಗಿ, ತಾಳಲಾರದೆ ಒಮ್ಮೆಲೇ ಜಿಗಿದು ನೆಟ್ಟಗಾಗುತ್ತದೆ ಎಂಬ ಭೂಕಂಪದ ಸಿದ್ಧಾಂತವನ್ನು ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲಿ ಕಟ್ಟಿದ್ದು ಈ ಅಳತೆಗಳ ಮೇಲೆ. ನಮ್ಮಲ್ಲೂ ನಿದರ್ಶನಗಳಿವೆ. 2001ರ ಭುಜ್ ಭೂಕಂಪದ ನಂತರ ಹತ್ತೊಂಬತ್ತನೇ ಶತಮಾನದ ಜಿ.ಟಿ.ಎಸ್. ಬಿಂದುಗಳ ಮೇಲೆ ಉಪಗ್ರಹದ ಉಪಕರಣ ಇಟ್ಟು ಕಚ್ಛದ ನೆಲ ಎಷ್ಟು ಸರಿಯಿತೆಂದು ಲೆಕ್ಕ ಹಾಕಿದರು. ಅದಕ್ಕೂ ಮೊದಲು, 1994ರಲ್ಲಿ, ದಕ್ಷಿಣ ಭಾರತದ ಬಿಂದುಗಳನ್ನು ಹೀಗೆಯೇ ಮತ್ತೆ ಅಳೆದು 1860ರ ದಶಕದ ಅಂಕಿಗಳ ಜೊತೆ ಹೋಲಿಸಿದಾಗ, ಈ ಪ್ರಸ್ಥಭೂಮಿ ನೂರಮೂವತ್ತು ವರ್ಷಗಳಲ್ಲಿ ಬಹುತೇಕ ಹಿಗ್ಗದೆ ಕುಗ್ಗದೆ ಇದೆ ಎಂದು ತಿಳಿಯಿತು. ‘ಏನೂ ಆಗಿಲ್ಲ’ ಎಂಬುದನ್ನು ಸಾಕ್ಷಿ ಸಮೇತ ಹೇಳುವುದು ವಿಜ್ಞಾನದಲ್ಲಿ ಸಣ್ಣ ಮಾತಲ್ಲ. ಯಾರಾದರೂ ಬೆಟ್ಟ ಹತ್ತಿ ಆ ಚುಕ್ಕಿಗಳನ್ನು ಹುಡುಕದಿದ್ದರೆ ಎರಡೂ ಕೆಲಸ ಆಗುತ್ತಿರಲಿಲ್ಲ. ಹೊಸ ಉಪಕರಣ ಬಂದು ಹಳೆಯ ಕಲ್ಲಿನ ಬೆಲೆ ಹೆಚ್ಚಾಯಿತು ಎನ್ನುವುದೇ ಸರಿ.

ಹಳೆಯ ಅಂಕಿಯೇ ತಪ್ಪಾಗಿದ್ದರೆ? ಈ ಪ್ರಶ್ನೆ ಹಗುರವಾದದ್ದಲ್ಲ. ಒಂಬತ್ತೂ ಬಂದರುಗಳಲ್ಲಿ ಕಡಲು ಒಂದೇ ಮಟ್ಟದಲ್ಲಿದೆ ಎಂದು 1909ರಲ್ಲಿ ಹಿಡಿದುಕೊಂಡದ್ದು ನಿಜವಲ್ಲ. ನೀರಿನ ಉಪ್ಪು, ಬಿಸಿ, ಗಾಳಿ, ಪ್ರವಾಹಗಳಿಂದಾಗಿ ಅರಬ್ಬೀ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಮಟ್ಟದಲ್ಲಿ ವ್ಯತ್ಯಾಸವಿದೆ. ಒಂಬತ್ತು ಕಡೆಯೂ ಸೊನ್ನೆ ಎಂದು ಕಟ್ಟಿಹಾಕಿದ್ದರಿಂದ ಆ ವ್ಯತ್ಯಾಸ ಒಳನಾಡಿನ ಅಂಕಿಗಳಲ್ಲಿ ಹಂಚಿಹೋಗಿದೆ. ಆದರೆ ತಪ್ಪು ಎಲ್ಲಿಂದ, ಹೇಗೆ ಬಂತೆಂದು ತಿಳಿದಿದ್ದರೆ ಅದನ್ನು ಕಳೆಯಬಹುದು. ಕಳೆದು ನೋಡಬೇಕಾದರೂ ಕಲ್ಲು ಇದ್ದಲ್ಲೇ ಇರಬೇಕು! ತಪ್ಪು ತಿದ್ದಲು ಸಾಕ್ಷಿ ಬೇಕಾದಾಗ ಸಾಕ್ಷಿಯನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಇನ್ನೊಂದು ಆಕ್ಷೇಪ ಮನಸ್ಸಿಗೆ ಹೆಚ್ಚು ನಾಟುವಂಥದು. ಈ ಮೋಜಣಿ ಶುರುವಾದದ್ದು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ. ನೆಲ ಗೆದ್ದವರು ಅದನ್ನು ಆಳಲು, ಕಂದಾಯ ಎತ್ತಲು, ದಂಡು ನಡೆಸಲು ಅಳೆದರು. ಅವರ ಕಲ್ಲುಗಳಿಗೆ ನಾವೇಕೆ ಮರುಗಬೇಕು? ಹಿನ್ನೆಲೆಯನ್ನು ಮುಚ್ಚಿಡಲು ಆಗದು. ಈ ಮೋಜಣಿಯನ್ನು ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ 1799ರಲ್ಲಿ ಶ್ರೀರಂಗಪಟ್ಟಣ ಮುತ್ತಿದ ದಂಡಿನಲ್ಲಿದ್ದವನು. ಟಿಪ್ಪು ಬಿದ್ದ ಮೇಲೆಯೇ ಅವನು ದಕ್ಷಿಣವನ್ನು ಅಡ್ಡಲಾಗಿ ಅಳೆಯುವ ಯೋಜನೆ ಮುಂದಿಟ್ಟದ್ದು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದು, ಅಲ್ಲಿಂದ ಬೆಂಗಳೂರು ದಾಟಿ ಮಂಗಳೂರಿನವರೆಗೆ ತ್ರಿಕೋನಗಳ ಸಾಲು ಕಟ್ಟಿದ. ಹಳೆಯ ನಕ್ಷೆಗಳು ತೋರಿಸಿದ್ದಕ್ಕಿಂತ ದಕ್ಷಿಣ ಭಾರತ ಸುಮಾರು 40 ಮೈಲಿ ಕಿರಿದು ಎಂದು ಆಗ ಗೊತ್ತಾಯಿತು. 1823ರಲ್ಲಿ ಅವನು ತೀರಿಕೊಂಡದ್ದು ನಾಗಪುರದ ದಕ್ಷಿಣಕ್ಕಿರುವ ಹಿಂಗಣಘಾಟಿನಲ್ಲಿ. ಗೋರಿ ಅಲ್ಲಿಯೇ ಇದೆ. ಆದರೆ ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಬೆಟ್ಟಗಳಿಗೆ ಹೊತ್ತವರು, ಕಾಡು ಕಡಿದು ನೋಟಕ್ಕೆ ದಾರಿ ಬಿಡಿಸಿದವರು, ನಿಶಾನೆ ಹಿಡಿದು ಬಿಸಿಲಲ್ಲಿ ನಿಂತವರು, ಮಲೇರಿಯಾದಲ್ಲಿ ಸತ್ತವರು ಬಹುಪಾಲು ಈ ನಾಡಿನ ಖಲಾಸಿಗಳು. ಅವರಿಗೆ ಗೋರಿಯಿಲ್ಲ, ಹೆಸರಿಲ್ಲ. ಅವರ ಶ್ರಮ ಇಂದು ಕೈಗೆ ತಾಕುವ ರೂಪದಲ್ಲಿ ಉಳಿದಿರುವುದು ಬಂಡೆಯ ಮೇಲಿನ ಆ ವೃತ್ತ, ಆ ಚುಕ್ಕಿಗಳಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ನಾವು ತೆಗೆದ ನಕ್ಷೆ, ತೋಡಿದ ಕಾಲುವೆಗಳಿಗೂ ಈ ಅಂಕಿಗಳೇ ಬುನಾದಿ. ಆಳಿದವರ ಮೇಲಿನ ಸಿಟ್ಟಿನಲ್ಲಿ ಹೊತ್ತವರ ಗುರುತನ್ನು ಅಳಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಹುಡುಕುವ ಹವ್ಯಾಸದಿಂದಲೇ ಕೇಡಾಗಬಹುದು ಎಂಬ ಎಚ್ಚರಿಕೆಯನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಗುರುತು ಕೊರೆದ ಕಲ್ಲು ಕಂಡರೆ ಕೆಳಗೆ ನಿಧಿ ಇದೆ ಎಂದು ಅಗೆಯುವವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಒಂಟಿ ಗುಡ್ಡದ ಮೇಲಿನ ಬಿಂದುವಿನ ಜಾಗವನ್ನು ಊರೆಲ್ಲ ಸಾರುವುದು ಅಂಥವರಿಗೆ ದಾರಿ ತೋರಿಸಿದಂತೆ. ಕಾವಲಿರುವ, ಎಲ್ಲರಿಗೂ ಗೊತ್ತಿರುವ ಗುರುತುಗಳನ್ನಷ್ಟೇ ಬಹಿರಂಗವಾಗಿ ಹೇಳಿ, ಉಳಿದವನ್ನು ಇಲಾಖೆಗೆ ತಿಳಿಸುವುದೇ ಸರಿಯಾದ ನಡತೆ. ಕಾನೂನೂ ಇದರ ಪರ: ಸರ್ಕಾರ ನೆಟ್ಟ ಗುರುತನ್ನು ಕೀಳುವುದು, ಸರಿಸುವುದು ಹಳೆಯ ದಂಡಸಂಹಿತೆಯ 434ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸಜೆಯ ಅಪರಾಧವಾಗಿತ್ತು. ಬಾಂದುಕಲ್ಲು ಕಿತ್ತವನನ್ನು ಹಳ್ಳಿಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಅದೇ ನ್ಯಾಯ ಇಲ್ಲಿಗೂ ಸಲ್ಲಬೇಕು. ಕಲ್ಲನ್ನು ಜೋಪಾನವಾಗಿ ವಸ್ತುಸಂಗ್ರಹಾಲಯಕ್ಕೆ ಸಾಗಿಸೋಣ ಎಂಬ ಒಳ್ಳೆಯ ಮನಸ್ಸಿನ ಸಲಹೆಯೂ ಇದೇ ಕಾರಣಕ್ಕೆ ಒಪ್ಪತಕ್ಕದ್ದಲ್ಲ. ಒಂದು ಶಾಸನವನ್ನು ಸಾಗಿಸಿದರೂ ಅದರ ಅಕ್ಷರ ಉಳಿಯುತ್ತದೆ. ಬೆಂಚ್ ಮಾರ್ಕನ್ನು ಒಂದು ಗೇಣು ಸರಿಸಿದರೂ ಅದು ಹೇಳಬೇಕಾದದ್ದೆಲ್ಲ ಹೋಯಿತು.

ಅಕ್ಕ, ಕಾರವಾರದ ಕಡಲು ಈ ಲೆಕ್ಕದ ಒಂಬತ್ತು ಬಾಯಿಗಳಲ್ಲಿ ಒಂದು. ಬಂದರಿನಿಂದ ಘಟ್ಟದ ಕಡೆಗೆ ಹೋಗುವ ಹಳೆಯ ದಾರಿಯ ಮೋರಿಗಳು, ಹಳೆಯ ಕಟ್ಟಡಗಳ ಮೆಟ್ಟಿಲುಗಳು ನಿನಗೂ ಮಕ್ಕಳಿಗೂ ದಿನವೂ ಕಾಣುವಂಥವು. ಅವುಗಳ ಮೇಲೆಲ್ಲಾದರೂ ಜಿ.ಟಿ.ಎಸ್. ಎಂಬ ಅಕ್ಷರ ಕಂಡರೆ ಸುಣ್ಣ ಬಣ್ಣ ಬಳಿಯದೆ, ಉಜ್ಜದೆ, ಇದ್ದಂತೆಯೇ ಒಂದು ಫೋಟೊ ತೆಗೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡು, ದಿನಾಂಕ ಬರೆ, ಜಾಗದ ವಿವರವನ್ನು ಗೊತ್ತಿಲ್ಲದವರಿಗೂ ತಿಳಿಯುವಂತೆ ಎರಡು ಸಾಲಿನಲ್ಲಿ ಬರೆದಿಡು. ರಸ್ತೆ ಅಗಲ ಮಾಡುವವರು ಬರುವ ಮೊದಲು ಅದು ಸರ್ವೆ ಇಲಾಖೆಗೆ ತಲುಪಲಿ.

ಇಂತಿ ನಿನ್ನ ತಮ್ಮ