ನೀರಗಂಟಿಯ ಮಗ

ತಲಕಾಡಿನ ಸಮೀಪದ ಹೆಮ್ಮಿಗೆಯಲ್ಲಿ ನೀರಗಂಟಿಯೊಬ್ಬನು ನಸುಕಿನಲ್ಲೆದ್ದು ನಾಲೆಯ ಏರಿಯ ಮೇಲೆ ನಡೆಯುವ ವಾಡಿಕೆಯಿದ್ದಿತು. ಏರಿ ಒಡೆದುದನ್ನು ಯಾರಾದರೂ ಹೇಳಿಯಾರು. ಒಡೆಯುವುದಕ್ಕೆ ಎರಡು ತಿಂಗಳು ಮೊದಲೇ ಹೇಳುವುದು ಆತನ ಹೆಚ್ಚುಗಾರಿಕೆ. ಒಣಗಿರಬೇಕಾದ ಹೊರಮೈಯಲ್ಲಿ ಹಸಿರು ಹುಲ್ಲು, ಏಡಿಯ ಬಿಲದ ಬಾಯಲ್ಲಿ ಒದ್ದೆ ಮಣ್ಣು, ಇಷ್ಟಿದ್ದರೆ ಆತನಿಗೆ ಸಾಕು.

ಮಗನು ಬೆಂಗಳೂರು ಸೇರಿ ತಂತ್ರಾಂಶದ ಉದ್ಯೋಗ ಹಿಡಿದನು. ಅವನ ಪಾಲಿಗೆ ಬಂದುದು ರೈತರ ಬೆಳೆಸಾಲದ ಬಡ್ಡಿಯನ್ನು ಎಣಿಸುವ, ಇಪ್ಪತ್ತು ವರ್ಷ ಹಳೆಯದಾದ ಒಂದು ತಂತ್ರಾಂಶ. ಅದು ದಿನವೂ ತಪ್ಪದೆ ಓಡುತ್ತಿದ್ದಿತು. ಓಡುವ ಗಾಡಿಗೆ ಕೀಲೆಣ್ಣೆ ಏತಕ್ಕೆ ಎಂದರು ಮೇಲಿನವರು. ನಿಂತ ಗಾಡಿಗೆ ಬೇಕೆ ಎಂದು ಅವರನ್ನು ಯಾರೂ ಕೇಳಲಿಲ್ಲ.

ಹಿಂದೆ ಒಂದು ದಿನದಲ್ಲಿ ಮುಗಿಯುತ್ತಿದ್ದ ಬದಲಾವಣೆಗೆ ಈಗ ಮೂರು ವಾರ ಹಿಡಿಯುತ್ತಿದ್ದಿತು. ಒಂದನ್ನು ಸರಿಪಡಿಸಿದರೆ ಸಂಬಂಧವೇ ಇಲ್ಲದ ಮತ್ತೊಂದು ಕೆಡುತ್ತಿದ್ದಿತು. ಒಂದೆಡೆ "ಇದನ್ನು ಮುಟ್ಟಬೇಡಿ" ಎಂಬ ಟಿಪ್ಪಣಿ. ಬರೆದವನು ಕೆಲಸ ಬಿಟ್ಟು ಬಹುಕಾಲವಾಗಿದ್ದಿತು.

ಬಳಕೆಯಲ್ಲಿರುವ ತಂತ್ರಾಂಶವು ಬದಲಾಗುತ್ತಲೇ ಇರಬೇಕು, ಬದಲಾದಂತೆಲ್ಲ, ಬೇರೆಯಾಗಿ ದುಡಿಯದಿದ್ದರೆ, ತೊಡಕಾಗುತ್ತ ಹೋಗುವುದು ಎಂದು ಲೇಮನ್ ಎಂಬ ವಿದ್ವಾಂಸನು 1974ರಲ್ಲಿಯೇ ಹೇಳಿದ್ದನು. ಮೂಲದ ವಿನ್ಯಾಸವನ್ನು ತಿಳಿಯದವರು ಮಾಡುವ ತಿದ್ದುಪಡಿಯೂ ಮುಪ್ಪಿಗೆ ಕಾರಣವೆಂದು ಪಾರ್ನಾಸನು 1994ರಲ್ಲಿ ಬರೆದನು. ಕೋಡಿನ ಒಂದು ಭಾಗದೊಳಗಿನ ಸ್ವತಂತ್ರ ದಾರಿಗಳನ್ನು ಎಣಿಸುವ ಕ್ರಮವನ್ನು 1976ರಲ್ಲಿ ಮೆಕೇಬನು ತೋರಿಸಿ, ಅವು 10ನ್ನು ಮೀರದಿರುವುದು ಲೇಸೆಂದಿದ್ದನು. ಮಗನು ಎಣಿಸಿದನು. ಹತ್ತನ್ನು ಮೀರಿದ ಭಾಗಗಳು ನೂರಾರು! ಎಲ್ಲಿಂದ ತೊಡಗುವುದು?

ಹಬ್ಬಕ್ಕೆ ಊರಿಗೆ ಬಂದವನು ತಂದೆಯ ಹಿಂದೆ ಏರಿಯ ಮೇಲೆ ನಡೆದನು. ಅವನು ಉದ್ದಕ್ಕೂ ದಿಟ್ಟಿಸುತ್ತಿರುವುದನ್ನು ಕಂಡು ಮುದುಕನು, "ಏರಿನೆಲ್ಲ ಯಾಕ್ಲಾ ನೋಡೀಯೆ? ಪದೇ ಪದೇ ಮಣ್ ಹಾಕಿದ್ ಜಾಗ ನೋಡ್ಲಾ" ಎಂದನು.

ಮರಳಿದ ಮೇಲೆ ಅವನು ತಿದ್ದುಪಡಿಗಳ ಚರಿತ್ರೆಯನ್ನೇ ತೆಗೆದನು. ಎಷ್ಟೋ ತೊಡಕಿನ ಭಾಗಗಳನ್ನು ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಅವು ತಮ್ಮಷ್ಟಕ್ಕೆ ತಾವು ಇದ್ದುವು. ತೊಡಕೂ ಆಗಿ, ತಿಂಗಳಿಗೊಮ್ಮೆ ತಿದ್ದಿಸಿಕೊಂಡವು ಏಳೇ ಏಳು. ಅವುಗಳಲ್ಲಿ ಬಡ್ಡಿಯ ಒಂದೇ ನಿಯಮವು ಐದು ಕಡೆ ನಕಲಾಗಿದ್ದಿತು. ನಾಲ್ಕನ್ನು ತಿದ್ದಿದವರು ಐದನೆಯದನ್ನು ಮರೆತಿದ್ದರು. ಆ ದಾರಿಯಲ್ಲಿ ಹಾದ ಸಾಲಗಾರರಿಂದ, ಅವರಿಗೆ ತಿಳಿಯದಂತೆ, ಕೆಲವು ರೂಪಾಯಿ ಹೆಚ್ಚಾಗಿ ಹೋಗುತ್ತಿದ್ದಿತು.

ಅವನು ಖಾತೆಗಳ ಪಟ್ಟಿಯನ್ನು ಮೇಲಿನವರ ಮುಂದಿಟ್ಟನು. ಹಣ ಹಿಂದಿರುಗಿತು. ಆ ಏಳು ಭಾಗಗಳನ್ನು ಹೊಸದಾಗಿ ಬರೆಯಲು ಅಪ್ಪಣೆಯಾಯಿತು. ಉಳಿದುದು ಇದ್ದಂತೆಯೇ ಓಡುತ್ತಿದೆ.