ಚೆಂಡು ಕುಗ್ಗುವ ಅರ್ಧ ಮಿಲಿಸೆಕೆಂಡು

ಗಾಲ್ಫ್ ಕಲಿಯುವವರ ಕಿವಿಗೆ ಬೇಗ ಬಿದ್ದು ತಡವಾಗಿ ಅರ್ಥವಾಗುವ ಮಾತು, ‘ಚೆಂಡನ್ನು ಕಂಪ್ರೆಸ್ ಮಾಡಿ’ ಎಂಬುದು. ನುರಿತವರ ಐರನ್ ಹೊಡೆತದ ಗಟ್ಟಿ ಸದ್ದು, ತಗ್ಗಾಗಿ ಹೊರಟು ಆಮೇಲೆ ಏರುವ ಚೆಂಡು, ಅದರ ಮುಂದೆ ಕಿತ್ತು ಬಂದ ಹುಲ್ಲುಹೆಂಟೆ ಇವನ್ನೆಲ್ಲ ಕಂಡವರಿಗೆ, ಕ್ಲಬ್ಬು ಮೇಲಿಂದ ಇಳಿದು ಚೆಂಡನ್ನು ನೆಲಕ್ಕೊತ್ತಿ, ಕಲ್ಲಿನಡಿ ಸಿಕ್ಕ ನಿಂಬೆಹಣ್ಣಿನಂತೆ ಹಿಂಡಿ ಚಿಮ್ಮಿಸುತ್ತದೆ ಎಂದು ತೋರುವುದು ಸಹಜ. ಈ ನಂಬಿಕೆ ತಪ್ಪು. ಹೊಡೆತ ಸುಧಾರಿಸದಂತೆ ಎಷ್ಟೋ ಜನರನ್ನು ತಡೆದಿರುವುದೂ ಇದೇ ಎಂಬುದು ನನ್ನ ವಾದ.

ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲೇ ಮಿಂಚುದೀಪದ ಕ್ಯಾಮೆರಾದಿಂದ ಗಾಲ್ಫ್ ಹೊಡೆತಗಳನ್ನು ಸೆರೆಹಿಡಿದರು. ಕ್ಲಬ್ಬಿನ ಮುಖಕ್ಕೆ ತಾಗಿದ ಕಡೆ ಚೆಂಡು ಚಪ್ಪಟೆಯಾಗುವುದು ಅಂಥ ಚಿತ್ರಗಳಲ್ಲಿ ಕಣ್ಣಿಗೆ ಕಾಣುತ್ತದೆ. ಕ್ಲಬ್ಬೂ ಚೆಂಡೂ ಕೂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ. ವೃತ್ತಿಪರ ಆಟಗಾರರ ಏಳನೇ ಐರನ್ ಗಂಟೆಗೆ ಸುಮಾರು 145 ಕಿಲೋಮೀಟರ್ ವೇಗದಲ್ಲಿ, ನಾಲ್ಕು ಡಿಗ್ರಿಯಷ್ಟು ಕೆಳಮುಖವಾಗಿ ಬರುತ್ತದೆ. ಲೆಕ್ಕ ಹಾಕಿ ನೋಡಿ: ಅಷ್ಟು ಹೊತ್ತಿನಲ್ಲಿ ಕ್ಲಬ್ಬಿನ ತಲೆ ಮುಂದೆ ಸಾಗುವುದು ಎರಡು ಸೆಂಟಿಮೀಟರು, ಕೆಳಗಿಳಿಯುವುದು ಒಂದೂವರೆ ಮಿಲಿಮೀಟರು. ಹಿಂದಕ್ಕೆ ವಾಲಿದ ಅದರ ಮುಖ ಚೆಂಡನ್ನು ಆಗಲೇ ಮೇಲಕ್ಕೆ ಕಳಿಸಿರುತ್ತದೆ. ಹುಲ್ಲು ಕೀಳುವುದು ಅದಾದ ಮೇಲೆ. 46 ಗ್ರಾಂ ತೂಕದ ಚೆಂಡು ಆ ಕ್ಷಣದಲ್ಲಿ ಗಂಟೆಗೆ 190 ಕಿಲೋಮೀಟರ್ ವೇಗ ಪಡೆಯಬೇಕಾದರೆ ಅದರ ಮೇಲೆ ಬೀಳುವ ಸರಾಸರಿ ಬಲ ಸುಮಾರು 500 ಕಿಲೋ ತೂಕಕ್ಕೆ ಸಮ. ಚೆಂಡನ್ನು ಕುಗ್ಗಿಸುವುದು ಈ ಬಲವೇ. ಅದರಲ್ಲಿ ನೆಲದ ಪಾಲು ಏನೂ ಇಲ್ಲ.

ಹಾಗಾದರೆ ಒಬ್ಬರ ಚೆಂಡು ಹೆಚ್ಚು ಕುಗ್ಗಿ ಇನ್ನೊಬ್ಬರದು ಕಡಿಮೆ ಕುಗ್ಗುವುದೇಕೆ? ಕ್ಲಬ್ಬಿನ ವೇಗ, ಮುಖದ ನಡುಭಾಗಕ್ಕೇ ತಾಗುವುದು, ತಾಗುವಾಗ ಮುಖ ಎಷ್ಟು ವಾಲಿರುತ್ತದೆ ಎಂಬುದು, ಈ ಮೂರೇ ಮುಖ್ಯ ಕಾರಣ. ಮೂರನೆಯದನ್ನು ಜನ ಗಮನಿಸುವುದು ಕಡಿಮೆ, ಆದರೆ ಗುಟ್ಟೆಲ್ಲ ಅಲ್ಲಿದೆ. ಒಬ್ಬನೇ ವೃತ್ತಿಪರನ ಕೈಯಲ್ಲಿ ಡ್ರೈವರು ತನ್ನ ವೇಗದ ಸುಮಾರು ಒಂದೂವರೆ ಪಟ್ಟು ವೇಗವನ್ನು ಚೆಂಡಿಗೆ ಕೊಟ್ಟರೆ, ಏಳನೇ ಐರನ್ನು 1.33 ಪಟ್ಟು, ಪಿಚಿಂಗ್ ವೆಜ್ಜು 1.23 ಪಟ್ಟು ಕೊಡುತ್ತದೆ. ಕೌಶಲ ಅದೇ, ಬದಲಾದದ್ದು ಮುಖ್ಯವಾಗಿ ಲಾಫ್ಟು, ಅಂದರೆ ಮುಖದ ವಾಲಿಕೆ. ಮುಖ ವಾಲಿದಷ್ಟೂ ಹೊಡೆತ ಚೆಂಡನ್ನು ಸವರಿ ತಿರುಗಿಸುವುದರಲ್ಲಿ ಖರ್ಚಾಗುತ್ತದೆ. ಚೆಂಡನ್ನು ಮೇಲೆತ್ತಲು ಹೋಗಿ ಕೊನೆಗಳಿಗೆಯಲ್ಲಿ ಮಣಿಕಟ್ಟನ್ನು ಹಿಂದಕ್ಕೆ ಮಡಚುವ ಹವ್ಯಾಸಿ, ತನಗರಿವಿಲ್ಲದೆ ಏಳನೇ ಐರನ್ನನ್ನು ಇನ್ನೂ ಹೆಚ್ಚು ವಾಲಿದ ಒಂಬತ್ತನೆಯದನ್ನಾಗಿ ಮಾಡಿಕೊಂಡಿರುತ್ತಾನೆ. ಗಾಲ್ಫ್ ದಿಗ್ಗಜ ಬೆನ್ ಹೋಗನ್ 1957ರ ‘ಫೈವ್ ಲೆಸನ್ಸ್’ ಪುಸ್ತಕದಲ್ಲಿ, ಹೊಡೆತದ ಕ್ಷಣದಲ್ಲಿ ಎಡ ಮಣಿಕಟ್ಟಿನ ಮೂಳೆ ಉಬ್ಬಿ ಗುರಿಯತ್ತ ಮುಖ ಮಾಡಿರಬೇಕು ಎಂದು ಒತ್ತಿ ಹೇಳಿದ್ದು ಈ ನಷ್ಟಕ್ಕೆ ಮದ್ದಾಗಿ ಒದಗುತ್ತದೆ. ಮಣಿಕಟ್ಟು ಹಾಗಿದ್ದರೆ ಕೈಗಳು ಚೆಂಡಿಗಿಂತ ಮುಂದಿರುತ್ತವೆ, ಲಾಫ್ಟು ಇಳಿಯುತ್ತದೆ, ಸ್ವಿಂಗಿನ ಅತಿ ತಗ್ಗಿನ ಬಿಂದು ಚೆಂಡನ್ನು ದಾಟಿ ಮುಂದೆ ಬೀಳುತ್ತದೆ.

ಇದಕ್ಕೆ ಎದುರು ಮಾತುಗಳಿವೆ, ಅವನ್ನು ತಳ್ಳಿಹಾಕಬಾರದು. ಚೆಂಡನ್ನು ಅದುಮಿದ ಅನುಭವ ಕೈಗೇ ಆಗುತ್ತದಲ್ಲ ಎನ್ನುತ್ತಾರೆ ಒಳ್ಳೆಯ ಆಟಗಾರರು. ಅನುಭವ ನಿಜ. ಆದರೆ ಕೈಯ ಸಂವೇದನೆ ಮಿದುಳು ಮುಟ್ಟುವ ಹೊತ್ತಿಗೆ ಚೆಂಡು ಹೊರಟು ಎಷ್ಟೋ ಮಿಲಿಸೆಕೆಂಡುಗಳಾಗಿರುತ್ತವೆ. ಆ ಅನುಭವ ಮುಗಿದ ಕೆಲಸದ ವರದಿ, ಅದನ್ನೇ ಕೆಲಸದ ವಿಧಾನ ಎಂದುಕೊಳ್ಳಬಾರದು. ಮೆತ್ತನೆಯ ಚೆಂಡು ಕೊಂಡರೆ ಸಾಕಲ್ಲವೇ ಎಂದು ಕೇಳುವವರೂ ಇದ್ದಾರೆ. ಅದು ಹೆಚ್ಚು ಕುಗ್ಗುತ್ತದೆ, ತಾಗಿದಾಗ ಹಿತವೂ ಹೌದು; ಹೆಚ್ಚು ಕುಗ್ಗಿದ್ದಕ್ಕೇ ಹೆಚ್ಚು ದೂರ ಹೋಗುತ್ತದೆ ಎಂದೇನಿಲ್ಲ. ತೂಕವುಳ್ಳ ಆಕ್ಷೇಪ ಇನ್ನೊಂದು: ಕೈ ಮುಂದಿಡುವುದೇ ಸರಿಯಾದರೆ, ಆದಷ್ಟೂ ಮುಂದಿಡಬಹುದಲ್ಲ? ಬೇಡ. ಲಾಫ್ಟು ಅತಿಯಾಗಿ ಇಳಿದರೆ ಚೆಂಡು ನೆಲಕ್ಕಂಟಿದಂತೆ ಹಾರಿ, ಗ್ರೀನ್ ಮೇಲೆ ಬಿದ್ದರೂ ನಿಲ್ಲದೆ ಉರುಳಿಹೋಗುತ್ತದೆ. ಐರನ್ನಿನ ಕೆಲಸ ಗುರಿಯ ಹತ್ತಿರ ಚೆಂಡು ನಿಲ್ಲಿಸುವುದು. ದೂರವೊಂದನ್ನೇ ಅಳತೆಗೋಲು ಮಾಡಿಕೊಳ್ಳುವವರು ಇನ್ನೊಂದನ್ನೂ ನೆನೆಯಬೇಕು: 900 ಮೀಟರ್ ಎತ್ತರದ ಬೆಂಗಳೂರಿನ ತೆಳು ಗಾಳಿಯಲ್ಲಿ ಚೆಂಡು ಕರಾವಳಿಗಿಂತ ತುಸು ಹೆಚ್ಚೇ ಹಾರುತ್ತದೆ, ಅದರಿಂದ ಹೊಡೆತದ ಗುಣ ತಿಳಿಯದು. ತೋಳ್ಬಲವಿಲ್ಲದವರಿಗೆ ಇದೆಲ್ಲ ದಕ್ಕದು ಎಂಬ ನಿರಾಶೆಗೂ ಕಾರಣವಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯುವವರ ಸಾಲಿನಲ್ಲಿ ಅವರು ತೀರಾ ಹಿಂದಿದ್ದರು.

ಆದ್ದರಿಂದ ಹೆಚ್ಚು ಜೋರಾಗಿ ಬಡಿಯುವ ಅಭ್ಯಾಸ ಬಿಡಿ. ಹುಲ್ಲಿನ ಮೇಲೆ ಸುಣ್ಣದಲ್ಲೊಂದು ಅಡ್ಡಗೆರೆ ಎಳೆದು, ಚೆಂಡಿಲ್ಲದೆ ಅರ್ಧ ಸ್ವಿಂಗ್ ಮಾಡಿ. ಬಲಗೈ ಆಟಗಾರರಾದರೆ ಮೈಭಾರ ಎಡಗಾಲಿಗೆ ಬಂದಿರಲಿ, ಎಡ ಮಣಿಕಟ್ಟು ಹಿಂದಕ್ಕೆ ಮಡಚದಿರಲಿ. ಮಣ್ಣು ಕಿತ್ತ ಗುರುತು ಗೆರೆಯ ಮುಂದೆ, ಗುರಿಯ ಕಡೆಗೇ ಮತ್ತೆ ಮತ್ತೆ ಬೀಳತೊಡಗಿದ ಮೇಲೆ ಗೆರೆಯ ಮೇಲೆ ಚೆಂಡಿಡಿ.